ಯಾರೂ ನೋಡದಿದ್ದರೆ ಜಗತ್ತು ಇರುವುದಿಲ್ಲವೇ?

ಮಂಗಳೂರಿನಲ್ಲಿ ಭೌತವಿಜ್ಞಾನ ಪಾಠ ಹೇಳುವ ನನ್ನನ್ನು ಮದುವೆಯೂಟದ ಪಂಕ್ತಿಯಲ್ಲೂ ಮಣಿಪಾಲದ ಬಸ್ಸಿನಲ್ಲೂ ಹಿಡಿದು ಕೇಳುವ ಪ್ರಶ್ನೆ ಇದು: "ನಾವು ನೋಡಿದರೆ ಮಾತ್ರ ವಸ್ತು ಇರುತ್ತದೆ ಎಂದು ಕ್ವಾಂಟಂ ವಿಜ್ಞಾನ ಹೇಳುತ್ತದಂತೆ, ಹೌದೇ ಮಾಷ್ಟ್ರೇ?" ಉಡುಪಿಯ ರಥಬೀದಿಯಲ್ಲಿ ಸಿಕ್ಕಿದ ಹಿರಿಯರೊಬ್ಬರು, "ಹಾಗಾದರೆ ಜಗತ್ತು ಸತ್ಯ ಎಂದ ಮಧ್ವಾಚಾರ್ಯರ ಮಾತು ಏನಾಯಿತು ಮಾರಾಯರೇ?" ಎಂದೇ ಕೇಳಿದರು.

ಮಧ್ವರ ಮಾತಿಗೆ ಕ್ವಾಂಟಂನಿಂದ, ಅಂದರೆ ಎಲೆಕ್ಟ್ರಾನು, ಪರಮಾಣುಗಳಂಥ ಅತಿಸಣ್ಣ ವಸ್ತುಗಳ ನಡೆಯನ್ನು ವಿವರಿಸುವ ವಿಜ್ಞಾನದಿಂದ, ಏನೂ ಆಗಿಲ್ಲ. ಅಲ್ಲಿ 'ನೋಡಲು' ಮನುಷ್ಯನೇ ಬೇಕೆಂದಿಲ್ಲ.

ಜಪಾನಿನ ಹಿಟಾಚಿ ಪ್ರಯೋಗಾಲಯದ ಅಕಿರಾ ತೊನೊಮುರಾ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟರು. ಪ್ರತಿಯೊಂದಕ್ಕೂ ಎರಡು ದಾರಿ ತೆರೆದಿತ್ತು. ಒಂದು ಎಲೆಕ್ಟ್ರಾನಿಗೆ ಪರದೆಯ ಮೇಲೆ ಒಂದೇ ಚುಕ್ಕೆ. ಮೊದಲ ಚುಕ್ಕೆಗಳು ಅಂಗಳದಲ್ಲಿ ಚೆಲ್ಲಿದ ಭತ್ತದಂತೆ ಅಡ್ಡಾದಿಡ್ಡಿ. ಸಾವಿರಗಟ್ಟಲೆ ಬಿದ್ದ ಮೇಲೆ ಮಾತ್ರ ಅಚ್ಚುಕಟ್ಟಾದ ಪಟ್ಟೆಗಳು ಮೂಡಿದವು. ಎರಡು ದಾರಿಯ ಅಲೆಗಳು ಒಂದರೊಳಗೊಂದು ಬೆರೆಯದೆ ಪಟ್ಟೆ ಮೂಡದು, ಎಲೆಕ್ಟ್ರಾನೋ ಒಂಟಿ! ಅಂದರೆ ಒಂದೇ ಎಲೆಕ್ಟ್ರಾನ್ ಅಲೆಯಂತೆ ಎರಡೂ ದಾರಿಯಲ್ಲಿ ಸಾಗಿದೆ ಎನ್ನಬೇಕು. ಈ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಯಾವ ದಾರಿಯಲ್ಲಿ ಹೋಯಿತೆಂಬ ಗುರುತು ಎಲ್ಲಾದರೂ ಉಳಿದರೆ ಪಟ್ಟೆ ಅಳಿಸಿಹೋಗುತ್ತದೆ. ಆ ಗುರುತನ್ನು ಯಾರೂ ಓದಬೇಕಿಲ್ಲ. ವಿಯೆನ್ನಾದ ವಿಜ್ಞಾನಿಗಳು 2004ರಲ್ಲಿ 70 ಇಂಗಾಲದ ಪರಮಾಣುಗಳುಳ್ಳ ಅಣುಗಳನ್ನು ಲೇಸರ್‌ನಿಂದ ಕಾಯಿಸಿ ಇಂಥದೇ ಪ್ರಯೋಗಕ್ಕೆ ಒಡ್ಡಿದರು. ಬಿಸಿ ಏರಿದಷ್ಟೂ ಪಟ್ಟೆ ಮಸುಕಾಯಿತು. ಕಾದ ಅಣು ತಾನೇ ಬೆಳಕು ಸೂಸುತ್ತದೆ. ತಾನೆಲ್ಲಿದ್ದೆನೆಂಬ ಸುಳಿವನ್ನು ಆ ಬೆಳಕೇ ಹೊತ್ತೊಯ್ಯುತ್ತದೆ. ಕಣ್ಣಿಲ್ಲ, ಮನಸ್ಸಿಲ್ಲ, ಅಷ್ಟಕ್ಕೇ ಕ್ವಾಂಟಂ ಆಟ ಮುಗಿಯಿತು.

ಸೋಮೇಶ್ವರದ ಕಡಲಬಂಡೆಗೆ ನಡುರಾತ್ರಿಯೂ ಗಾಳಿ ಬಡಿಯುತ್ತದೆ, ನಕ್ಷತ್ರದ ಬೆಳಕು ತಾಗುತ್ತದೆ, ಹಗಲಿನ ಕಾವು ಅದರಿಂದ ಹೊರಬೀಳುತ್ತಿರುತ್ತದೆ. ಕ್ಷಣಕ್ಷಣಕ್ಕೂ ಗುರುತು ಬೀಳುವುದರಿಂದ ಬಂಡೆ ಏಕಕಾಲಕ್ಕೆ ಎರಡು ಕಡೆ ಇರುವಂತೆ ಎಂದೂ ಕಾಣುವುದಿಲ್ಲ.

ನಿಜವಾದ ಸೋಜಿಗ ಬೇರೆಯೇ ಇದೆ. ಮುಂದಿನ ಎಲೆಕ್ಟ್ರಾನ್ ಎಲ್ಲಿ ಬೀಳುತ್ತದೆ? 1926ರಲ್ಲಿ ಮ್ಯಾಕ್ಸ್ ಬಾರ್ನ್ ಕೊಟ್ಟ ನಿಯಮ ಎಲ್ಲೆಲ್ಲಿ ಎಷ್ಟು ಸಂಭವ ಎಂಬುದನ್ನಷ್ಟೇ ಹೇಳುತ್ತದೆ. ಅಷ್ಟೊಂದು ಸಾಧ್ಯತೆಗಳಲ್ಲಿ ಒಂದೇ ಚುಕ್ಕೆ ಏಕೆ ನಿಜವಾಗುತ್ತದೆ ಎಂಬಲ್ಲಿ ಭೌತವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಎಲ್ಲ ಸಾಧ್ಯತೆಗಳೂ ಬೇರೆ ಬೇರೆ ಕವಲುಗಳಲ್ಲಿ ನಿಜವಾಗುತ್ತವೆ ಎನ್ನುವವರಿದ್ದಾರೆ. ಈ ಅಲೆಗಳ ನಡೆಯನ್ನು ಹೇಳುವ ಕ್ವಾಂಟಂ ಸಮೀಕರಣವನ್ನೇ ತಿದ್ದಬೇಕು ಎನ್ನುವವರೂ ಇದ್ದಾರೆ. ನನ್ನ ಒಲವು ತಿದ್ದುವವರ ಕಡೆಗೆ, ಏಕೆಂದರೆ ಅವರ ಮಾತು ಸರಿಯೋ ತಪ್ಪೋ ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ದಾರಿಯಿದೆ.