ಬೇವಿನ ಮರದ ಕೆಳಗೆ ಕೂತವರು

ನಾನು ಪಾಠ ಮಾಡುವ ಶಾಲೆಯ ಮೈದಾನದ ಮೂಲೆಯಲ್ಲಿ ಒಂದು ಬೇವಿನ ಮರ ಇದೆ. ಆಟದ ಪೀರಿಯಡ್ ಬಂತಂದ್ರೆ ಹದಿನಾಲ್ಕು ಹುಡುಗರು ಕಬಡ್ಡಿಗೆ ಇಳಿಯುತ್ತಿದ್ದರು. ಉಳಿದವರೆಲ್ಲ ಆ ಮರದ ಕೆಳಗೆ. ಅವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಜೊತೆಗೆ ಸ್ವಲ್ಪ ದಪ್ಪಗಿರುವ ಇಬ್ಬರು ಹುಡುಗರು, ತೀರಾ ಸಣಕಲಾಗಿರುವವರು, ಆಡುವವರ ಚಪ್ಪಲಿ ಕಾಯುವವರು. ಅವರನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತಿತ್ತು. ಹೈಸ್ಕೂಲಿನಲ್ಲಿ ಮೂರು ವರ್ಷ ನಾನೂ ಹಾಗೇ ಕೂತವಳು. ನಮ್ಮ ಆಟದ ಪೀರಿಯಡ್ಡು ಹೆಚ್ಚಾಗಿ ಗಣಿತಕ್ಕೆ ಹೋಗುತ್ತಿತ್ತು. ಗಣಿತ ಇಲ್ಲದ ದಿನ ಹುಡುಗರಿಗೆ ಚೆಂಡು, ನಮಗೆ ಕಸಬರಿಗೆ.

ಈಗ ನಾನು ಕೊಪ್ಪಳ ಜಿಲ್ಲೆಯಲ್ಲಿ, ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಟೀಚರ್. ನಮ್ಮಲ್ಲಿ ದೈಹಿಕ ಶಿಕ್ಷಕರಿಲ್ಲ. ಶನಿವಾರ ಬೆಳಿಗ್ಗೆ ಸಾಮೂಹಿಕ ಕವಾಯತು ಮಾಡಿಸುತ್ತೇವೆ, ವರ್ಷಕ್ಕೊಮ್ಮೆ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಗೆಲ್ಲುವ ಮಕ್ಕಳಿಗೆ ಅದು ಚೆನ್ನಾಗಿದೆ. ಮರದ ಕೆಳಗಿನವರಿಗೆ?

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಊರಿನ ಶಾಲೆಯೊಂದರ ಬಗ್ಗೆ ಓದಿದ್ದೆ. ಅಲ್ಲಿನ ಮುಖ್ಯ ಶಿಕ್ಷಕಿ ಎಲೇನ್ ವೈಲಿ 2012ರಲ್ಲಿ ಮಕ್ಕಳನ್ನು ದಿನಾ 15 ನಿಮಿಷ ಮೈದಾನ ಸುತ್ತಿಸಲು ಶುರು ಮಾಡಿದರು. ಬೇರೆ ಬಟ್ಟೆ ಬೇಡ, ಸಾಮಾನು ಬೇಡ. ಓಡುವವರು ಓಡಲಿ, ಸುಸ್ತಾದರೆ ನಡೆಯಲಿ. ಒಂದನೇ ನಂಬರು, ಎರಡನೇ ನಂಬರು ಅಂತ ಇಲ್ಲ. ಅದೇ ಮುಂದೆ ‘ಡೈಲಿ ಮೈಲ್’ ಅಂತ ಹೆಸರಾಗಿ ಎಷ್ಟೋ ದೇಶಗಳಿಗೆ ಹೋಯಿತು. ದುಡ್ಡು ಬೇಡದ ಕೆಲಸ, ನಮಗೂ ಆಗುತ್ತದೆ ಅನ್ನಿಸಿತು.

ಜೂನ್‌ನಲ್ಲಿ ಏಳನೇ ತರಗತಿಯವರು ಹಗ್ಗ ಹಿಡಿದು ಮೈದಾನ ಅಳೆದರು. ಜಾಲಿ ಮುಳ್ಳು ಬಳಿದು, ಸುಣ್ಣದ ಪುಡಿಯಿಂದ ಗೆರೆ ಹಾಕಿದೆವು. ಒಂದು ಸುತ್ತು 150 ಮೀಟರ್. ನಾಲ್ಕು ಸುತ್ತು ಅಂದ್ರೆ 600. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದ ಫಿಟ್‌ನೆಸ್ ಪರೀಕ್ಷೆಯಲ್ಲಿ ದೊಡ್ಡ ಮಕ್ಕಳಿಗೆ ಇರುವುದೂ ಇಷ್ಟೇ ದೂರ, ಅಲ್ಲೂ ಓಡಬಹುದು ಅಥವಾ ನಡೆಯಬಹುದು.

ಮೊದಲ ವಾರವೇ ನಾನು ಒಂದು ತಪ್ಪು ಮಾಡಿದೆ. ಪ್ರಾರ್ಥನೆಗೂ ಮುಂಚೆ ಓಡಿಸಿದೆ. ಮೂರನೇ ದಿನ ಐದನೇ ತರಗತಿಯ ಒಬ್ಬ ಹುಡುಗಿ ತಲೆ ತಿರುಗಿ ಕೂತುಬಿಟ್ಟಳು. ಕೇಳಿದರೆ ರಾತ್ರಿ ಅರ್ಧ ರೊಟ್ಟಿ ತಿಂದವಳು, ಬೆಳಿಗ್ಗೆ ಏನೂ ಇಲ್ಲ. ಅವಳ ಕೈ ತಣ್ಣಗಾಗಿತ್ತು. ಆ ಕೈ ಹಿಡಿದುಕೊಂಡು ಕೂತಾಗ ನನಗೇ ಅಳು ಬಂತು. ಅವತ್ತಿನಿಂದ ಮೊದಲು ಕ್ಷೀರಭಾಗ್ಯದ ಹಾಲು, ಅರ್ಧ ಗಂಟೆ ಬಿಟ್ಟು ಓಟ. ಹಾಲು ಕುಡಿಯದ ದಿನ ಸುಮ್ನೆ ನಡೆದರೆ ಸಾಕು ಅಂತ ಹೇಳಿಟ್ಟಿದ್ದೇನೆ.

ಇಷ್ಟಾದರೂ ಕೆಲವರು ಮರ ಬಿಟ್ಟು ಏಳಲಿಲ್ಲ. ಸೋಮಾರಿಗಳು ಅಂತ ಬೈಯುವುದು ಸುಲಭ ಅಲ್ವಾ? ನಾನು ಒಬ್ಬೊಬ್ಬರ ಪಕ್ಕ ಕೂತು ಕೇಳಿದೆ. ಒಬ್ಬ ಹುಡುಗ ಬೂಟು ಬಿಚ್ಚಿ ತೋರಿಸಿದ. ಬೂಟು ಚಿಕ್ಕದಾಗಿ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದು ಒಡೆದಿತ್ತು. ಇನ್ನೊಬ್ಬ “ನಗ್ತಾರ್ರಿ ಟೀಚರ್” ಅಂದ, ಅಷ್ಟೇ. ಆರನೇ ತರಗತಿಯ ಹುಡುಗಿ ಬಹಳ ಹೊತ್ತು ನೆಲ ಕೆರೆದು, ಕೊನೆಗೆ “ಓಡಿದ್ರ ಲಂಗ ಹಾರ್ತೈತ್ರಿ” ಅಂದಳು. ತಿಂಗಳುಗಟ್ಟಲೆ ಅವಳು ಕೂತಿದ್ದು ಇದಕ್ಕೆ! ಪಾಲಕರ ಸಭೆಯಲ್ಲಿ ತಾಯಂದಿರ ಹತ್ತಿರ ಮಾತಾಡಿದೆ. ಮುಂದಿನ ವಾರ ಒಂಬತ್ತು ಹುಡುಗಿಯರು ಲಂಗದ ಒಳಗೆ ಪ್ಯಾಂಟು ಹಾಕಿಕೊಂಡು ಬಂದರು. ಆ ಹುಡುಗಿ ಈಗ ಎರಡು ಸುತ್ತು ನಿಲ್ಲದೆ ಓಡುತ್ತಾಳೆ.

“ಹಳ್ಳಿ ಹುಡುಗರಿಗೆ ಇದೆಲ್ಲ ಯಾಕ್ರಿ, ಹೊಲದಾಗ ಓಡಾಡ್ತಾವಲ್ಲ” ಅಂದ ತಂದೆಯೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ದಿನಾ ನೋಡುವವಳು ನಾನು. ಪಕ್ಕದೂರಿನ ಮಕ್ಕಳು ಟಂಟಂ ಆಟೋದಲ್ಲಿ ಬರುತ್ತಾರೆ, ಸಂಜೆ ಕಟ್ಟೆ ಮೇಲೆ ಒಂದು ಮೊಬೈಲಿಗೆ ಐದು ತಲೆ. ಹತ್ತಿ ಬಿಡಿಸಿ ಸೊಂಟ ನೋಯಿಸಿಕೊಂಡು ಬರುವುದನ್ನು ನಾನು ಆಟ ಅಂತ ಒಪ್ಪುವುದಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ 15 ನಿಮಿಷ ಅದರ ಕಾಲು ಭಾಗ ಮಾತ್ರ.

ಮಳೆ ಬಂದರೆ ಎರೆ ಮಣ್ಣು ಬೂಟಿಗೆ ಹತ್ತಿ ಕಾಲೇ ಏಳುವುದಿಲ್ಲ. ಅವತ್ತು ವರಾಂಡದಲ್ಲಿ ಹಗ್ಗದಾಟ, ಕುಂಟಾಬಿಲ್ಲೆ. ಖೇಲೋ ಇಂಡಿಯಾದ ಚಿಕ್ಕ ಮಕ್ಕಳ ಪರೀಕ್ಷೆಯಲ್ಲಿ ಒಂಟಿ ಕಾಲಲ್ಲಿ ನಿಲ್ಲುವ ಫ್ಲೆಮಿಂಗೊ ಬ್ಯಾಲೆನ್ಸ್ ಅಂತ ಇದೆ. ಕುಂಟಾಬಿಲ್ಲೆ ಆಡುವ ನಮ್ಮ ಎರಡನೇ ತರಗತಿಯ ಹುಡುಗಿಯರು ಅದನ್ನು ನಗುತ್ತಾ ಮಾಡಿದರು. ಬಿಸಿಲಿನದು ಬೇರೆ ಕಥೆ. ಮಾರ್ಚ್ ಬಂದರೆ ಓಟ ಬಿಟ್ಟು ನೆರಳಿನ ಆಟಗಳಿಗೆ ಹೋಗಲೇಬೇಕು.

ಎಲ್ಲ ಸರಿ ಹೋಗಿಲ್ಲ. ಏಳನೇ ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ ಹುಡುಗಿ ದೀಪಾವಳಿ ಆದ ಮೇಲೆ ಮತ್ತೆ ಮರದ ಕೆಳಗೆ ಕೂತಳು. ಶುಕ್ರವಾರ ಸಂಜೆ ಅವರ ಮನೆಗೆ ಹೋಗಿದ್ದೆ. ಅಜ್ಜಿ ಚಹಾ ಕೊಟ್ಟು, “ದೊಡ್ಡಾಕಿ ಆಗ್ಯಾಳ, ಇನ್ನೇನ ಓಡೂದು” ಅಂದರು. ನಾನು ವಾದ ಮಾಡಲಿಲ್ಲ. ನೀವು ಸಣ್ಣವರಿದ್ದಾಗ ಏನು ಆಡ್ತಿದ್ರಿ ಅಂತ ಕೇಳಿದೆ. ಅಜ್ಜಿಯ ಮುಖ ಸಡಿಲಾಯಿತು. ಹುಣಸೆ ಮರ ಹತ್ತಿದ್ದು, ಹಳ್ಳ ಜಿಗಿದಿದ್ದು, ಅಣ್ಣನನ್ನು ಓಡಿ ಸೋಲಿಸಿದ್ದು, ಒಂದಾದ ಮೇಲೊಂದು ಹೇಳಿದರು. ಮೊಮ್ಮಗಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. ಕತ್ತಲಾಯಿತು ಅಂತ ಎದ್ದು ಬಂದೆ. ಅಜ್ಜಿ ಹೂಂ ಅಂದಿಲ್ಲ, ಊಹೂಂ ಅಂತಾನೂ ಅಂದಿಲ್ಲ. ಸೋಮವಾರ ಮತ್ತೆ ಹೋಗುತ್ತೇನೆ.