ಸ್ವರ್ಗದಲ್ಲಿ ಬೇಜಾರಾಗುವುದಿಲ್ವಾ?

"ಸತ್ತ ಮೇಲೆ ಯಾವಾಗಲೂ ದೇವರ ಹತ್ತಿರವೇ ಇರುವುದು ಅಂತ ಹೇಳ್ತೀರಲ್ಲ, ಅಲ್ಲಿ ಏನು ಮಾಡ್ತಾ ಇರುವುದು? ಬೇಜಾರಾಗುವುದಿಲ್ವಾ?"

ಕುಂಬಳೆಯಲ್ಲಿ ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಅಮ್ಮ ತೀರಿಹೋದಾಗ ಪಕ್ಕದ ಮನೆಯ ಅಕ್ಕ ನನ್ನ ಕೈ ಹಿಡಿದುಕೊಂಡೇ ಕೇಳಿದರು. ಅವರಿಗೆ ಅಮ್ಮನ ಮೇಲೆ ತುಂಬಾ ಪ್ರೀತಿ, ಈಗ ಎಲ್ಲಿದ್ದಾರೋ ಎಂಬ ಕಾಳಜಿ. ಅಳುವಿನ ನಡುವೆ ನನಗೆ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ.

ನಮ್ಮ ಅಪ್ಪ ಗಲ್ಫಿನಲ್ಲಿದ್ದರು. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬೊಂಬಾಯಿಗೆ ವಿಮಾನದಲ್ಲಿ ಬಂದು, ಅಲ್ಲಿಂದ ಬಸ್ಸಿನಲ್ಲಿ ಊರಿಗೆ. ನಡುವೆ ಬರೀ ಕಾಗದ, ಮತ್ತೆ ಯಾರಾದರೂ ಊರಿಗೆ ಬರುವವರ ಕೈಯಲ್ಲಿ ಕಳಿಸಿದ ಕ್ಯಾಸೆಟ್, ಅದರಲ್ಲಿ ಅಪ್ಪ ನಮ್ಮೆಲ್ಲರ ಹೆಸರು ಹಿಡಿದು ತುಳುವಿನಲ್ಲಿ ಮಾತಾಡುತ್ತಿದ್ದರು. ಅಮ್ಮ ಅದನ್ನು ಎಷ್ಟು ಸಲ ಹಾಕುತ್ತಿದ್ದರೆಂದರೆ ಟೇಪ್ ಸವೆದು ಸ್ವರ ಎಳೆಯುತ್ತಿತ್ತು. ಅಪ್ಪ ಬಂದ ದಿನ ಇನ್ನು ಏನು ಮಾಡುವುದು ಅಂತ ನಾವು ಯಾರೂ ಕೇಳಲಿಲ್ಲ. ಅವರು ಊಟಕ್ಕೆ ಕೂತರೆ ಪಕ್ಕದಲ್ಲಿ, ಬಾವಿಕಟ್ಟೆಗೆ ಹೋದರೆ ಹಿಂದೆಯೇ. ಸುಮ್ನೆ ಮುಖ ನೋಡುತ್ತಾ ಕೂತರೂ ಸಾಕಿತ್ತು.

ನಿತ್ಯಜೀವ ಅಂದರೆ ನನಗೆ ಅದು. ಈಗ ಕನ್ನಡಿಯಲ್ಲಿ ಮಸಕಾಗಿ ಕಾಣುತ್ತೇವೆ, ಆಗ ಮುಖಾಮುಖಿಯಾಗಿ ನೋಡುತ್ತೇವೆ ಅಂತ ಯೇಸುವಿನ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದದ್ದನ್ನು ಓದಿದಾಗಲೆಲ್ಲ ಆ ಸವೆದ ಕ್ಯಾಸೆಟ್ ನೆನಪಾಗುತ್ತದೆ.

ಮೋಡದ ಮೇಲೆ ರೆಕ್ಕೆ ಕಟ್ಟಿಕೊಂಡು ಕೂರುವುದೆಲ್ಲ ಕ್ಯಾಲೆಂಡರ್ ಚಿತ್ರ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 21ನೇ ಅಧ್ಯಾಯದಲ್ಲಿ ದೇವರ ಪಟ್ಟಣವೇ ಕೆಳಗೆ ಇಳಿದು ಬರುತ್ತದೆ, ದೇವರೇ ಮನುಷ್ಯರ ನಡುವೆ ವಾಸ ಮಾಡಲು ಬರುತ್ತಾನೆ, ಎಲ್ಲರ ಕಣ್ಣೀರು ಒರೆಸುತ್ತಾನೆ. ಹೊಸ ಭೂಮಿಯೂ ಇದೆ. ದೇಹವೂ ಇದೆ. ಬಿತ್ತಿದ ಕಾಳಿಗೂ ಎದ್ದ ಪೈರಿಗೂ ಇರುವ ಹಾಗೆ ಈ ದೇಹಕ್ಕೂ ಆ ದೇಹಕ್ಕೂ ಸಂಬಂಧ ಅಂತ ಪೌಲನೇ ಹೇಳುತ್ತಾನೆ. ಸತ್ತು ಎದ್ದ ಯೇಸು ಶಿಷ್ಯರ ಎದುರಿಗೆ ಸುಟ್ಟ ಮೀನು ತಿಂದ. ಇನ್ನೊಂದು ಬೆಳಿಗ್ಗೆ ರಾತ್ರಿಯಿಡೀ ಬಲೆ ಬೀಸಿ ಬಂದವರಿಗೆ ತಾನೇ ಕೆಂಡದ ಮೇಲೆ ಮೀನಿಟ್ಟು, ಬನ್ನಿ ಊಟ ಮಾಡಿ ಅಂತ ಕರೆದ. ನಮ್ಮ ಕಡಲ ಕರೆಯಲ್ಲಿ ಬೆಳೆದವರಿಗೆ ಇದಕ್ಕಿಂತ ಹತ್ತಿರದ ಮಾತು ಬೇಕಾ?

ಇದನ್ನು ಸಂಪಾದಿಸಲಿಕ್ಕೆ ಆಗುವುದಿಲ್ಲ, ದೇವರು ಕೊಡುವುದು. ಮತ್ತೆ ಇದು ಸತ್ತ ಮೇಲೆ ಮಾತ್ರ ಶುರುವಾಗುವುದೂ ಅಲ್ಲ. ದೇವರನ್ನು ತಿಳಿಯುವುದೇ ನಿತ್ಯಜೀವ ಅಂತ ಯೇಸು ಪ್ರಾರ್ಥಿಸಿದ್ದು ಯೋಹಾನನ ಸುವಾರ್ತೆಯ 17ನೇ ಅಧ್ಯಾಯದಲ್ಲಿದೆ. ಅಪ್ಪ ದೂರ ಇದ್ದಾಗಲೂ ನಾವು ಅವರ ಮಕ್ಕಳೇ ಆಗಿದ್ದೆವು ಅಲ್ವಾ?

ಹಾಗಂತ ಅಳು ಬರುವುದಿಲ್ಲ ಅಂತಲ್ಲ. ತನ್ನ ಸ್ನೇಹಿತ ಲಾಜರ ಸತ್ತಾಗ ಅವನ ಸಮಾಧಿಯ ಹತ್ತಿರ ಯೇಸುವೇ ಅತ್ತ. ಅಮ್ಮನ ಕನ್ನಡಕ ಈಗಲೂ ಬೈಬಲಿನ ಮೇಲೆ ಹಾಗೇ ಇದೆ, ತೆಗೆಯಲು ಕೈ ಬರುವುದಿಲ್ಲ.

ಅಕ್ಕನಿಗೆ ಕೊನೆಗೆ ನಾನು ಹೇಳಿದ್ದು ತಂಗಿಯ ಕಥೆ. ಅಪ್ಪ ಗಲ್ಫಿಗೆ ಹೋದ ಮೇಲೆ ಹುಟ್ಟಿದವಳು ಅವಳು. ಅಪ್ಪ ಅಂಗಳಕ್ಕೆ ಬಂದಾಗ ಹೆದರಿ ಅಮ್ಮನ ಸೆರಗಿನ ಹಿಂದೆ ಅಡಗಿದಳು. ಯೇಸುವಿನ ಬರಿದಾದ ಸಮಾಧಿಯ ಹತ್ತಿರ ಅವನ ಶಿಷ್ಯೆ ಮಗ್ದಲದ ಮರಿಯಳೂ ಎದ್ದು ಬಂದ ಯೇಸುವನ್ನು ತೋಟದವನು ಅಂದುಕೊಂಡಿದ್ದಳಲ್ಲ, ಅವನು "ಮರಿಯಳೇ" ಅನ್ನುವವರೆಗೂ. ಅಪ್ಪ ಪೆಟ್ಟಿಗೆ ಕೆಳಗಿಟ್ಟು ತಂಗಿಯ ಹೆಸರು ಕರೆದರು. ಕ್ಯಾಸೆಟ್ಟಿನ ಅದೇ ಸ್ವರ. ಅವಳು ಸೆರಗು ಬಿಟ್ಟು ಓಡಿದಳು.