ಆರುನೂರು ಡಾಲರಿನ ಹತ್ತು ಎಕರೆ

ನಾವು ಓದುವಾಗ ಇಂಗ್ಲಿಷ್ ಐಚ್ಛಿಕಕ್ಕೆ ಜಾನ್ ಸ್ಟೈನ್‌ಬೆಕ್ ಬರೆದ ‘ಆಫ್ ಮೈಸ್ ಅಂಡ್ ಮೆನ್’ ಪಠ್ಯವಾಗಿತ್ತು. ಒಂದೇ ಪಟ್ಟಿಗೆ ಕೂತರೆ ಓದಿ ಮುಗಿಸಬಹುದಾದ ಪುಟ್ಟ ಕಾದಂಬರಿ. ನಮ್ಮ ಮೇಷ್ಟ್ರು ಪಾಠ ಶುರು ಮಾಡುವ ಮೊದಲು ಹೇಳಿದ್ದು ಒಂದೇ ಮಾತು: ದುಡ್ಡಿನ ಪ್ರಸ್ತಾಪ ಬಂದ ಕಡೆಯೆಲ್ಲ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಿ. ಈಗ ನಮ್ಮ ಕಾಲೇಜಿನಲ್ಲಿ ಅಮೆರಿಕನ್ ಸಾಹಿತ್ಯ ಓದುತ್ತಿರುವವರಿಗೆ ಆ ಓದಿನ ಕ್ರಮವನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಅಷ್ಟು ಚೆನ್ನಾಗಿ ಈ ಪುಸ್ತಕವನ್ನು ಬಿಡಿಸಿಕೊಡುವ ಬೇರೆ ಕ್ರಮ ನನಗೆ ಗೊತ್ತಿಲ್ಲ.

ಕಾದಂಬರಿ ಪ್ರಕಟವಾದದ್ದು 1937ರಲ್ಲಿ. ಕಥೆ ನಡೆಯುವುದು ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ, ಸೊಲೆಡಾಡ್ ಊರಿನ ದಕ್ಷಿಣಕ್ಕಿರುವ ಒಂದು ದೊಡ್ಡ ಜಮೀನಿನಲ್ಲಿ. 1902ರಲ್ಲಿ ಅದೇ ಸಲೀನಾಸಿನಲ್ಲಿ ಹುಟ್ಟಿದ ಸ್ಟೈನ್‌ಬೆಕ್ ಹುಡುಗನಾಗಿದ್ದಾಗ ಸ್ಪ್ರೆಕೆಲ್ಸ್ ಸಕ್ಕರೆ ಕಂಪನಿಯ ಹೊಲಗಳಲ್ಲಿ ಕೂಲಿಯಾಳುಗಳ ಜೊತೆ ದುಡಿದವರು. ಪುಸ್ತಕದ ವಿವರಗಳಿಗೆ ಆ ಗಟ್ಟಿತನ ಬಂದದ್ದು ಅಲ್ಲಿಂದ.

ಜಮೀನಿನಿಂದ ಜಮೀನಿಗೆ ಅಲೆದು ದುಡಿಯುವ ಇಬ್ಬರು ಗೆಳೆಯರು, ಜಾರ್ಜ್ ಮತ್ತು ಲೆನ್ನಿ, ಕೆಲಸ ಕೊಡಿಸುವ ಏಜೆನ್ಸಿಯಿಂದ ಚೀಟಿಯನ್ನೂ ಬಸ್ ಟಿಕೆಟನ್ನೂ ಪಡೆದು ಬರುತ್ತಾರೆ. ಬಸ್ಸಿನವನು ಜಮೀನಿಗೆ ನಾಲ್ಕು ಮೈಲಿಯಷ್ಟು ದೂರದಲ್ಲೇ ಇಳಿಸಿ ಹೋಗುತ್ತಾನೆ. ಇವರು ಹೊಳೆ ದಂಡೆಯಲ್ಲಿ ರಾತ್ರಿ ಕಳೆದು ಮರುದಿನ ತಲುಪುವಷ್ಟರಲ್ಲಿ ಬೆಳಗಿನ ತಂಡ ಇಬ್ಬರು ಆಳು ಕಡಿಮೆಯಾಗಿ ಹೊಲಕ್ಕೆ ಹೊರಟುಹೋಗಿರುತ್ತದೆ, ಯಜಮಾನ ರೇಗುತ್ತಾನೆ. ಕೆಲಸ ಬಾರ್ಲಿ ಚೀಲ ಎತ್ತಿ ಹೇರುವುದು. ಸಂಬಳ ತಿಂಗಳಿಗೆ 50 ಡಾಲರ್, ಊಟ ಮತ್ತು ಮಲಗುವ ಜಾಗ ಜಮೀನಿನದೇ. ಲೆನ್ನಿಗೆ ಬುದ್ಧಿ ಬೆಳೆದಿಲ್ಲ, ಮೈಯಲ್ಲಿ ಮಾತ್ರ ಅಪಾರ ಶಕ್ತಿ. ಇಂಥವನಿಗಾಗಿ ಇನ್ನೊಬ್ಬ ಮಾತಾಡುತ್ತಿದ್ದಾನೆ ಎಂದರೆ ಅವನ ಕೂಲಿ ಹೊಡೆಯುತ್ತಿರಬೇಕು ಎಂದೇ ಯಜಮಾನ ಅನುಮಾನಿಸುತ್ತಾನೆ. ಇಬ್ಬರು ಕೂಲಿಗಳು ಒಬ್ಬರಿಗೊಬ್ಬರು ಆಗಿ ಬದುಕುವುದು ಆ ಜಗತ್ತಿನಲ್ಲಿ ಎಷ್ಟು ಅಪರೂಪವಾಗಿತ್ತು ಎಂಬುದನ್ನು ಲೇಖಕ ಈ ಒಂದು ಅನುಮಾನದಲ್ಲೇ ಕಾಣಿಸಿಬಿಡುತ್ತಾರೆ.

ಈಗ ಸ್ವಂತ ಜಮೀನು ಕೊಳ್ಳುವ ಇವರ ಕನಸಿನ ಲೆಕ್ಕ. ಜಾರ್ಜ್ ನೋಡಿಟ್ಟಿರುವ ಜಾಗ ಹತ್ತು ಎಕರೆ. ಒಂದು ಪುಟ್ಟ ಮನೆ, ನೀರೆತ್ತುವ ಗಾಳಿಯಂತ್ರ, ಕೋಳಿ ಗೂಡು, ಸೇಬು, ಪೀಚ್, ಚೆರಿ ಗಿಡಗಳು. ಲೆನ್ನಿಯ ಮೊಲಗಳಿಗೆ ಕುದುರೆ ಮಸಾಲೆ ಸೊಪ್ಪು ಬೆಳೆಯಲು ಒಂದಿಷ್ಟು ನೆಲ. ಒಡೆಯರಾದ ಮುದುಕ ದಂಪತಿ ದಿವಾಳಿಯಾಗಿದ್ದಾರೆ, ಮುದುಕಿಗೆ ಆಪರೇಷನ್ ಆಗಬೇಕು. ಹಾಗಾಗಿ 600 ಡಾಲರಿಗೆ ಬಿಟ್ಟುಕೊಡುತ್ತಾರೆ. ಅಂದರೆ ಈ ಕನಸು ಕೈಗೆಟುಕುವ ಬೆಲೆಗೆ ಬಂದದ್ದೇ ಇನ್ನೊಂದು ಸಂಸಾರ ಮುಳುಗಿದ್ದರಿಂದ. ಸಾಮಾನ್ಯವಾಗಿ ಯಾರೂ ಗಮನಿಸದ ಸಾಲು ಅದು.

ಜಾರ್ಜ್, ಲೆನ್ನಿ ಇಬ್ಬರ ಬಳಿ ಸೇರಿ ಇರುವುದು ಹತ್ತೇ ಡಾಲರ್. ಅಲ್ಲಿಯವರೆಗೆ ಆ ಜಾಗ ರಾತ್ರಿ ಹೊತ್ತು ಹೇಳಿಕೊಳ್ಳುವ ಕಥೆಯಷ್ಟೇ. ಅದನ್ನು ಲೆಕ್ಕಕ್ಕೆ ತರುವವನು ಕಸಗುಡಿಸುವ ಮುದುಕ ಕ್ಯಾಂಡಿ. ಇದೇ ಜಮೀನಿನಲ್ಲಿ ಅವನ ಒಂದು ಕೈ ಹೋಗಿದೆ. ಅದಕ್ಕೆ ಸಿಕ್ಕ ಪರಿಹಾರ 250 ಡಾಲರ್. ಬ್ಯಾಂಕಿನಲ್ಲಿ 50 ಇದೆ, ತಿಂಗಳ ಕೊನೆಗೆ ಇನ್ನು 50 ಬರುತ್ತದೆ. ಒಟ್ಟು 350. ಜಾರ್ಜ್ ಮತ್ತು ಲೆನ್ನಿ ಒಂದು ತಿಂಗಳು ಒಂದು ಕಾಸೂ ಮುಟ್ಟದೆ ದುಡಿದರೆ 100. ಅಲ್ಲಿಗೆ 450. ಅಷ್ಟಕ್ಕೆ ಮಾತು ಕುದುರಿಸಿ, ಕ್ಯಾಂಡಿ ಮತ್ತು ಲೆನ್ನಿಯನ್ನು ಅಲ್ಲಿ ಬಿಟ್ಟು, ಉಳಿದ ನೂರೈವತ್ತಕ್ಕೆ ತಾನು ಬೇರೆ ಕಡೆ ದುಡಿಯುವುದು ಜಾರ್ಜನ ಯೋಜನೆ. ತಪ್ಪಿಲ್ಲದ ಲೆಕ್ಕ. ಬೇಕಾದದ್ದು ಒಂದು ತಿಂಗಳ ವ್ಯವಧಾನ ಮಾತ್ರ. ಆದರೆ ಕಾದಂಬರಿ ಗುರುವಾರ ಸಂಜೆ ಶುರುವಾಗಿ ಭಾನುವಾರ ಮುಗಿದುಹೋಗುತ್ತದೆ.

ಕ್ಯಾಂಡಿ ತನ್ನ ಗಂಟು ಬಿಚ್ಚುವ ಹೊತ್ತನ್ನು ನೋಡಿ. ಮರಿಯಿಂದ ಸಾಕಿದ ಅವನ ಮುದಿ ನಾಯಿಯನ್ನು, ನಾತ ಬರುತ್ತದೆ, ಯಾವ ಕೆಲಸಕ್ಕೂ ಬಾರದು ಎಂದು ಜೊತೆಯ ಆಳು ಕಾರ್ಲ್‌ಸನ್ ಹೊರಗೆ ಕರೆದೊಯ್ದು ಪಿಸ್ತೂಲಿನಿಂದ ಕೊಂದದ್ದು ಅದೇ ಸಂಜೆ. ತನಗೂ ಇದೇ ಗತಿ ಎಂಬುದು ಅವನಿಗೆ ಗೊತ್ತು. ಗುಡಿಸಲೂ ಆಗದ ದಿನ ತನ್ನನ್ನು ಹೊರಗೆ ಹಾಕುತ್ತಾರೆ ಎಂದು ಬಾಯಿಬಿಟ್ಟೇ ಹೇಳುತ್ತಾನೆ. ಇದು ಮುದುಕನ ಕಲ್ಪನೆಯ ಭಯವಾಗಿರಲಿಲ್ಲ. 1935ರಲ್ಲಿ ಅಮೆರಿಕದಲ್ಲಿ ಬಂದ ಸಾಮಾಜಿಕ ಭದ್ರತಾ ಕಾಯ್ದೆ ವೃದ್ಧಾಪ್ಯದ ಪಿಂಚಣಿ ಕೊಟ್ಟಾಗ ಕೃಷಿ ಕೂಲಿಗಳನ್ನು ಹೊರಗಿಟ್ಟಿತು. ಅದೇ ವರ್ಷ ಕಾರ್ಮಿಕ ಸಂಘ ಕಟ್ಟುವ ಹಕ್ಕು ಕೊಟ್ಟ ವ್ಯಾಗ್ನರ್ ಕಾಯ್ದೆಯೂ ಅವರನ್ನು ಬಿಟ್ಟಿತು. ಕ್ಯಾಂಡಿಯಂಥವರಿಗೆ ಆ ಪಿಂಚಣಿಯ ಆಸರೆಯೂ ಇರಲಿಲ್ಲ.

ಆಳುಗಳು ಮಲಗುವ ಬಂಕ್‌ಹೌಸಿನ ವರ್ಣನೆಯನ್ನು ಪರೀಕ್ಷೆಯ ದೃಷ್ಟಿಯಿಂದ ಹಾರಿಸಿಬಿಡುವವರು ಹೆಚ್ಚು. ಹಾಗೆ ಮಾಡಬೇಡಿ. ಸುಣ್ಣ ಬಳಿದ ಗೋಡೆ, ಬಣ್ಣ ಕಾಣದ ನೆಲ, ಎಂಟು ಮಂಚ. ಪ್ರತಿ ಮಂಚದ ಮೇಲೆ ಗೋಡೆಗೆ ಒಂದು ಸೇಬಿನ ಪೆಟ್ಟಿಗೆ ಹೊಡೆದಿದೆ. ಸೋಪು, ಪೌಡರ್, ರೇಜರ್, ಔಷಧಿ, ಕೌಬಾಯ್ ಪತ್ರಿಕೆಗಳು: ಒಬ್ಬ ಮನುಷ್ಯನ ಸ್ವಂತದ್ದೆಲ್ಲ ಅದರೊಳಗೆ ಹಿಡಿಸಬೇಕು. ಕೆಲಸ ಬಿಟ್ಟವನ ಪೆಟ್ಟಿಗೆ ಮುಂದೆ ಬಂದವನಿಗೆ. ಜಾರ್ಜ್ ಅಲ್ಲಿನ ಮೇಜಿನ ಮುಂದೆ ಮತ್ತೆ ಮತ್ತೆ ಆಡುವ ಇಸ್ಪೀಟಾಟ ಸಾಲಿಟೇರ್, ಒಬ್ಬರೇ ಆಡುವಂಥದ್ದು. ಐವತ್ತು ಡಾಲರ್ ಪಟ್ಟಣದಲ್ಲಿ ವಿಸ್ಕಿಗೂ ಸೂಳೆಮನೆಗೂ ಒಂದೇ ರಾತ್ರಿಗೆ ಕರಗುವುದನ್ನು ಬರೀ ದುಶ್ಚಟ ಎಂದು ಬರೆದರೆ ಉತ್ತರ ಅರ್ಧವಾಗುತ್ತದೆ. ಒಯ್ದು ಕೊಡಲು ಮನೆಯಿಲ್ಲ, ಕೂಡಿಟ್ಟು ಸಾಧಿಸುವುದು ಏನೂ ಕಾಣುವುದಿಲ್ಲ, ಆದ್ದರಿಂದ ಖರ್ಚಾಗುತ್ತದೆ.

ನಾಲ್ಕನೆಯ ಭಾಗ ನನ್ನ ಮಟ್ಟಿಗೆ ಈ ಪುಸ್ತಕದ ಜೀವ. ಲಾಯ ನೋಡಿಕೊಳ್ಳುವ ಕ್ರೂಕ್ಸ್ ಕಪ್ಪು ಮನುಷ್ಯ. ಕುದುರೆ ಒದ್ದು ಬೆನ್ನು ಡೊಂಕಾಗಿದೆ. ಬಂಕ್‌ಹೌಸಿಗೆ ಅವನಿಗೆ ಪ್ರವೇಶವಿಲ್ಲ. ಲಾಯಕ್ಕೆ ಒತ್ತಿ ಕಟ್ಟಿದ, ಜೀನು ಸಾಮಾನು ಇಡುವ ಕೋಣೆಯಲ್ಲಿ ವಾಸ, ಹುಲ್ಲು ತುಂಬಿದ ಉದ್ದನೆಯ ಪೆಟ್ಟಿಗೆಯೇ ಹಾಸಿಗೆ. ತೊಗಲು ಹೊಲಿಯುವ ಸೂಜಿ, ಬಾಗಿದ ಚಾಕು, ನಾರಿನ ದಾರದ ಉಂಡೆ, ರಿವೆಟ್ ಹೊಡೆಯುವ ಸಾಧನ, ಬೆನ್ನಿಗೆ ಹಚ್ಚುವ ಎಣ್ಣೆ ಅಲ್ಲಿವೆ. ಇವುಗಳ ನಡುವೆ ಹರಿದ ಒಂದು ನಿಘಂಟು ಮತ್ತು ಕ್ಯಾಲಿಫೋರ್ನಿಯಾದ 1905ರ ಸಿವಿಲ್ ಕಾನೂನಿನ ಪುಸ್ತಕ. ಕಾನೂನು ಓದಿಕೊಂಡಿರುವ ಈ ಮನುಷ್ಯನನ್ನು, ಯಜಮಾನನ ಮಗ ಕರ್ಲಿಯ ಹೆಂಡತಿ ಅದೇ ಕೋಣೆಯಲ್ಲಿ ನಿಂತು, ನಿನ್ನನ್ನು ಮರಕ್ಕೆ ನೇತುಹಾಕಿಸುವುದು ನನಗೆ ಸುಲಭ ಎಂಬರ್ಥದ ಮಾತಿನಿಂದ ಬಾಯಿ ಮುಚ್ಚಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಕ್ರೂಕ್ಸ್ ಕ್ಯಾಂಡಿ ಮತ್ತು ಲೆನ್ನಿಗೆ, ಕೂಲಿ ಬೇಡ, ಅನ್ನ ಹಾಕಿದರೆ ಸಾಕು, ನಿಮ್ಮ ಜಾಗದಲ್ಲಿ ದುಡಿಯುತ್ತೇನೆ ಎಂದಿರುತ್ತಾನೆ. ಆಮೇಲೆ ಆ ಮಾತನ್ನು ತಾನಾಗಿಯೇ ಹಿಂತೆಗೆದುಕೊಳ್ಳುತ್ತಾನೆ. ಇನ್ನೊಂದು ವಿವರ: ಕ್ರೂಕ್ಸನ ತಂದೆಗೆ ಒಂದು ಕಾಲಕ್ಕೆ ಕೋಳಿ ಸಾಕುವ ಜಮೀನಿತ್ತು. ಸುಮಾರು ಹತ್ತು ಎಕರೆ. ಜಾರ್ಜನ ಕನಸಿನ ಅಳತೆಯೂ ಅದೇ. ಉಳಿದವರೆಲ್ಲ ಹಂಬಲಿಸುವುದನ್ನು ಅನುಭವಿಸಿ ಕಳೆದುಕೊಂಡವನು ಅವನೊಬ್ಬನೇ; ಬೆನ್ನಿಗೆ ಗಂಟು, ತಲೆಯಲ್ಲಿ ತುಂಡು ಭೂಮಿ ಹೊತ್ತ ನೂರಾರು ಜನ ಬಂದು ಹೋದದ್ದನ್ನು ಕಂಡಿದ್ದೇನೆ, ಒಬ್ಬನಿಗೂ ಸಿಗಲಿಲ್ಲ ಎಂದು ಅವನು ಹೇಳುವ ಮಾತಿಗೆ ಆ ತೂಕ ಇರುವುದು ಅದರಿಂದ.

ಕರ್ಲಿಯ ಹೆಂಡತಿಗೆ ಹೆಸರೇ ಇಲ್ಲ. ಸಿನಿಮಾಕ್ಕೆ ಸೇರಿಸುತ್ತೇನೆಂದವನ ಕಾಗದ ಬರಲಿಲ್ಲ, ಅವಳು ಕರ್ಲಿಯನ್ನು ಮದುವೆಯಾದಳು. ಯಜಮಾನನ ಮಗನ ಹೆಂಡತಿಯ ಜೊತೆ ನಿಂತು ಮಾತಾಡಿದರೆ ಕೆಲಸ ಹೋಗುತ್ತದೆಂದು ಆಳುಗಳೆಲ್ಲ ಅವಳಿಂದ ದೂರ. ಅವಳನ್ನು ಖಳನಾಯಕಿ ಎಂದು ಬರೆಯುವ ಗೈಡುಗಳನ್ನು ನಂಬಬೇಡಿ.

ಎಲ್ಲರೂ ಗೌರವಿಸುವ ಸ್ಲಿಮ್‌ನ ಕಸುಬನ್ನೂ ತಿಳಿದುಕೊಳ್ಳಬೇಕು. ಇಪ್ಪತ್ತು ಹೇಸರಗತ್ತೆಗಳವರೆಗೆ ಒಂದೇ ಹಗ್ಗದಲ್ಲಿ ಹೊಡೆಯುವವನು ಅವನು. ಮುಂದಾಳು ಪ್ರಾಣಿಗೆ ಮಾತ್ರ ಹಗ್ಗ. ಹಿಡಿದು ಎಳೆದರೆ ಎಡಕ್ಕೆ, ಬಿಟ್ಟು ಬಿಟ್ಟು ಜಗ್ಗಿದರೆ ಬಲಕ್ಕೆ. ಉಳಿದವು ಅದನ್ನು ಅನುಸರಿಸುತ್ತವೆ. ವರ್ಷಗಟ್ಟಲೆ ಕಲಿತ ಈ ವಿದ್ಯೆಗೆ ಟ್ರ್ಯಾಕ್ಟರು, ಕಂಬೈನ್ ಯಂತ್ರಗಳು ಬಂದಮೇಲೆ ಬೆಲೆ ಉಳಿಯಲಿಲ್ಲ.

ಕೊನೆಯಲ್ಲಿ ಈ ಲೆಕ್ಕ ಎಡವುವುದು ಎಲ್ಲಿ? ಭಾನುವಾರ ಲಾಯದಲ್ಲಿ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ, ಅವನಿಗೇ ಅರಿವಿಲ್ಲದೆ ಸತ್ತಮೇಲೆ, ನಾವಿಬ್ಬರೇ ಆ ಜಾಗ ಕೊಳ್ಳಬಹುದಲ್ಲ ಎಂದು ಕ್ಯಾಂಡಿ ಜಾರ್ಜನನ್ನು ಕೇಳುತ್ತಾನೆ. ಕ್ಯಾಂಡಿಯ ಹಣ ಹಾಗೆಯೇ ಇದೆ, ಜಾರ್ಜನ ತೋಳಿನಲ್ಲಿ ಶಕ್ತಿಯಿದೆ. ಕಡಿಮೆಯಾದದ್ದು ಇನ್ನು ಜೊತೆಗಿರಲಾರದ ಲೆನ್ನಿಯ ತಿಂಗಳ ಐವತ್ತು ಡಾಲರ್. ಅಷ್ಟಾದರೂ ಜಾರ್ಜ್ ಒಪ್ಪುವುದಿಲ್ಲ; ತಿಂಗಳು ದುಡಿದು ಸಂಬಳ ಎತ್ತಿಕೊಂಡು ಎಲ್ಲರ ಹಾಗೆ ಪಟ್ಟಣಕ್ಕೆ ಹೋಗುತ್ತೇನೆ ಎನ್ನುತ್ತಾನೆ. ಆ ಹತ್ತು ಎಕರೆ ಅವನಿಗೆ ಬೇಕಾಗಿದ್ದದ್ದು ಲೆನ್ನಿಯ ಜೊತೆ ಇರುವುದಕ್ಕೆ.

ಇದನ್ನು ಮುಗಿಸಿದವರು 1939ರ ‘ದ ಗ್ರೇಪ್ಸ್ ಆಫ್ ರಾತ್’ ಓದಿ. 1936ರಲ್ಲಿ ಸ್ಟೈನ್‌ಬೆಕ್ ‘ಸ್ಯಾನ್ ಫ್ರಾನ್ಸಿಸ್ಕೋ ನ್ಯೂಸ್’ ಪತ್ರಿಕೆಗಾಗಿ ವಲಸೆ ಕೂಲಿಗಳ ಶಿಬಿರಗಳನ್ನು ಸುತ್ತಿ ಬರೆದ ಲೇಖನಗಳು ಅದಕ್ಕೆ ತಳಪಾಯ. ಇಲ್ಲಿ ಒಂಟಿ ಗಂಡಸರು, ಅಲ್ಲಿ ಇಡೀ ಸಂಸಾರಗಳು. ಕೂಲಿ ಇಳಿಸುವ ಉಪಾಯವನ್ನು ಅಲ್ಲಿ ಒಬ್ಬ ಕೂಲಿಯೇ ವಿವರಿಸುತ್ತಾನೆ: ಬೇಕಾದದ್ದು ಎಂಟುನೂರು ಆಳು, ಅಚ್ಚು ಹಾಕಿಸುವುದು ಐದು ಸಾವಿರ ಕರಪತ್ರ. ಅದನ್ನು ನೋಡಿ ಬಂದವರು ಗೇಟಿನ ಮುಂದೆ ಗುಂಪುಗೂಡಿದಾಗ, ಮಕ್ಕಳು ಹಸಿದಿರುವವನು ಎಲ್ಲರಿಗಿಂತ ಕಡಿಮೆ ಕೂಲಿಗೆ ಒಪ್ಪುತ್ತಾನೆ.